ಗಾನವೂ ರೋಗೋಪಶಮನವೂ: ಸ್ಪೇನಿನ ಐದನೆಯ ಫಿಲಿಪ್ ದೊರೆಯ ಪ್ರಸಂಗ

ಗಾನಕ್ಕೆ ರೋಗವನ್ನು ನೀಗುವ ಶಕ್ತಿಯುಂಟೆಂಬ ನಂಬಿಕೆಯು ಬಹು ಪ್ರಾಚೀನವಾದುದು. ಇಸ್ರೇಲರ ದೊರೆಯಾದ ಸೌಲನನ್ನು ದುರಾತ್ಮವು ಪೀಡಿಸಿದಾಗಲೆಲ್ಲ ದಾವೀದನು ಕಿನ್ನರಿಯನ್ನು ನುಡಿಸಿ ಆತನನ್ನು ಸಮಾಧಾನಗೊಳಿಸುತ್ತಿದ್ದನೆಂದು ಯೆಹೂದ್ಯರ ಧರ್ಮಗ್ರಂಥವು ಹೇಳುತ್ತದೆ. ನಮ್ಮಲ್ಲಿ ನಾರದಪ್ರಣೀತವೆನ್ನಲಾದ ಸಂಗೀತಮಕರಂದವು ರಾಗಗಳನ್ನು ಸಂಪೂರ್ಣ, ಷಾಡವ, ಔಡವವೆಂದು ವಿಂಗಡಿಸಿ, ಐದು ಸ್ವರಗಳ ಔಡವರಾಗಗಳನ್ನು ವ್ಯಾಧಿನಾಶಕ್ಕೂ ಭಯಶೋಕಗಳ ಪರಿಹಾರಕ್ಕೂ ಹಾಡಬೇಕೆಂದು ವಿಧಿಸಿದೆ. ಮುತ್ತುಸ್ವಾಮಿ ದೀಕ್ಷಿತರು ತಮ್ಮ ಶಿಷ್ಯನಾದ ತಂಬಿಯಪ್ಪನ ಉದರಶೂಲೆಯ ನಿವಾರಣೆಗಾಗಿ ಅಠಾಣರಾಗದಲ್ಲಿ ಗುರುಗ್ರಹದ ಕೀರ್ತನೆಯನ್ನು ರಚಿಸಿದರೆಂಬುದೂ ಗಾಯಕರ ಪರಂಪರೆಯಲ್ಲಿ ಕೇಳಿಬಂದ ಕಥೆ. ಇಂಥವನ್ನು ಬೇಕಾದಷ್ಟು ಪೋಣಿಸಬಹುದು.

ಆದರೆ ಇತಿಹಾಸದ ದೃಷ್ಟಿಯಿಂದ ನೋಡಿದರೆ ಈ ಆಧಾರಗಳೆಲ್ಲವೂ ಎರಡೇ ಬಗೆಯವು. ಒಂದು ಶಾಸ್ತ್ರದ ವಿಧಿ, ಮತ್ತೊಂದು ಐತಿಹ್ಯ. ವಿಧಿಯು ಹೀಗೆ ಮಾಡಬೇಕೆಂದು ಹೇಳುವುದೇ ಹೊರತು ಹಾಗೆ ಮಾಡಿದ ರೋಗಿಗೆ ಏನಾಯಿತೆಂಬುದನ್ನು ಹೇಳುವುದಿಲ್ಲ. ಐತಿಹ್ಯವೋ ರೋಗವು ವಾಸಿಯಾಯಿತೆಂಬಲ್ಲಿಗೆ ನಿಂತುಬಿಡುತ್ತದೆ. ಆಮೇಲೆ ರೋಗಿಯು ಹೇಗಿದ್ದನು, ವ್ಯಾಧಿಯು ಮರುಕಳಿಸಿತೇ ಎಂದು ಯಾರೂ ಕೇಳುವುದಿಲ್ಲ. ಸೌಲನ ಕಥೆಯನ್ನು ಕೊನೆಯವರೆಗೂ ಓದುವವರು ವಿರಳ. ಅದೇ ದೊರೆಯು ಅದೇ ವಾದಕನ ಮೇಲೆ, ಅವನು ಕಿನ್ನರಿಯನ್ನು ನುಡಿಸುತ್ತಿರುವಾಗಲೇ, ಈಟಿಯನ್ನೆಸೆದನೆಂಬುದು ಆ ಗ್ರಂಥದಲ್ಲಿಯೇ ಇದೆ.

ಇವೆರಡಕ್ಕಿಂತ ಬೇರೆಯಾದ ಆಧಾರವು, ಎಂದರೆ ಸಮೀಪದಲ್ಲಿದ್ದವರು ಆಗಿಂದಾಗಲೇ ಬರೆದಿಟ್ಟ ಸಾಕ್ಷ್ಯವು, ದೊರೆಯುವ ಹಳೆಯ ಪ್ರಸಂಗಗಳು ಅತಿ ವಿರಳ. ಅವುಗಳಲ್ಲಿ ಮುಖ್ಯವಾದುದು 1737ರಿಂದ 1746ರ ವರೆಗೆ ಸ್ಪೇನಿನ ಅರಮನೆಯಲ್ಲಿ ನಡೆದುದು. ಗಾನದಿಂದ ರೋಗ ವಾಸಿಯಾದುದಕ್ಕೆ ದೃಷ್ಟಾಂತವಾಗಿ ಇದನ್ನು ಯೂರೋಪಿನ ಲೇಖಕರು ಇನ್ನೂರು ವರ್ಷಗಳಿಂದಲೂ ಎತ್ತಿ ಹೇಳುತ್ತಲೇ ಇದ್ದಾರೆ. ಆ ದೃಷ್ಟಾಂತವು ಎಷ್ಟು ಭಾರವನ್ನು ಹೊರಬಲ್ಲುದೆಂಬುದು ವಿಚಾರಾರ್ಹವಾಗಿದೆ.

ಐದನೆಯ ಫಿಲಿಪನು ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಮೊಮ್ಮಗ. 1683ರ ಡಿಸೆಂಬರಿನಲ್ಲಿ ವರ್ಸೇಲ್ಸಿನಲ್ಲಿ ಹುಟ್ಟಿ, ಹದಿನೇಳು ತುಂಬುವ ಮೊದಲೇ, 1700ರಲ್ಲಿ, ಸ್ಪೇನಿನ ಸಿಂಹಾಸನಕ್ಕೆ ಬಂದನು. ಯುದ್ಧದಲ್ಲಿ ಧೀರನೆನ್ನಿಸಿಕೊಂಡಿದ್ದ ಈ ಅರಸನಿಗೆ ನಡುವಯಸ್ಸಿನಲ್ಲಿ ಘೋರವಾದ ವಿಷಾದರೋಗವು ಹಿಡಿಯಿತು. ರೋಗವು ಏರಿದಾಗ ಕ್ಷೌರವಿಲ್ಲ, ಸ್ನಾನವಿಲ್ಲ, ಉಟ್ಟ ಬಟ್ಟೆಯನ್ನು ಬದಲಿಸುವುದಿಲ್ಲ, ಉಗುರುಗಳನ್ನು ಕತ್ತರಿಸಗೊಡಿಸುವುದಿಲ್ಲ, ಹಾಸಿಗೆಯನ್ನು ಬಿಟ್ಟೇಳುವುದಿಲ್ಲ. ರಾತ್ರಿಯನ್ನು ಹಗಲು ಮಾಡಿಕೊಂಡು ಮಂತ್ರಿಗಳನ್ನು ನಡುರಾತ್ರಿಯ ಮೇಲೆ ಕರೆಸುವನು. ತಾನು ಕಪ್ಪೆಯೆಂದು ಭ್ರಮಿಸಿದ್ದನೆಂಬ ವರದಿಯೂ ಉಂಟು. ಉನ್ಮಾದವೂ ಖಿನ್ನತೆಯೂ ಸರದಿಯಾಗಿ ಬರುವ ವ್ಯಾಧಿ ಇದೆಂದು ಇತ್ತೀಚಿನವರು ಊಹಿಸುತ್ತಾರೆ. 1724ರಲ್ಲಿ ರಾಜ್ಯವನ್ನೇ ತ್ಯಜಿಸಿ ಮಗನಾದ ಲೂಯಿಸನಿಗೆ ಪಟ್ಟಗಟ್ಟಿದನು. ಆ ಮಗನು ಅದೇ ವರ್ಷ ಸಿಡುಬಿನಿಂದ ತೀರಿಕೊಂಡದ್ದರಿಂದ ಮತ್ತೆ ಸಿಂಹಾಸನವನ್ನೇರಬೇಕಾಯಿತು. ಎರಡನೆಯ ಹೆಂಡತಿಯಾದ ಎಲಿಸಬೆತ್ತಾ ಫಾರ್ನೇಸೆಯು ಇಟಲಿಯ ಪಾರ್ಮ ರಾಜ್ಯದವಳು, ದಿಟ್ಟೆ. ಗಂಡನು ಇನ್ನೊಮ್ಮೆ ರಾಜ್ಯತ್ಯಾಗ ಮಾಡದಂತೆ ಕಾವಲಿರುವುದೇ ಆಕೆಯ ದೊಡ್ಡ ಚಿಂತೆ.

ಫಾರಿನೆಲ್ಲಿಯೆಂದು ಹೆಸರಾದ ಕಾರ್ಲೋ ಬ್ರೋಸ್ಕಿಯು 1705ರಲ್ಲಿ ದಕ್ಷಿಣ ಇಟಲಿಯ ಆಂಡ್ರಿಯಾ ಎಂಬ ಊರಿನಲ್ಲಿ ಜನಿಸಿದವನು. ನಿಕೋಲಾ ಪೋರ್ಪೊರನ ಶಿಷ್ಯ. ಆ ಕಾಲದ ಇಟಲಿಯಲ್ಲಿ ಹುಡುಗರ ಕಂಠವು ಒಡೆಯದಿರಲೆಂದು ಬಾಲ್ಯದಲ್ಲಿಯೇ ವೃಷಣಚ್ಛೇದ ಮಾಡಿಸುವ ಕ್ರೂರಪದ್ಧತಿಯಿತ್ತು. ಈತನೂ ಅದಕ್ಕೆ ಗುರಿಯಾದವನು. ಬಾಲಕನ ಸ್ವರವೂ ಪ್ರೌಢನ ಶ್ವಾಸಬಲವೂ ಒಂದೇ ಕೊರಳಿನಲ್ಲಿ ಸೇರಿದ ಈ ಗಾಯಕನಿಗೆ ಸಮನಾದವರು ಆಗ ಯೂರೋಪಿನಲ್ಲಿ ಬಹುಶಃ ಇರಲಿಲ್ಲ. 1734ರಿಂದ ಮೂರು ವರ್ಷ ಲಂಡನ್ನಿನ ನಾಟಕಶಾಲೆಯಲ್ಲಿ ಹಾಡಿ, 1737ರ ಬೇಸಿಗೆಯಲ್ಲಿ ಫ್ರಾನ್ಸಿನ ಮಾರ್ಗವಾಗಿ ಸ್ಪೇನಿಗೆ ಬಂದನು. ಆಗಸ್ಟ್ 25ರಂದು ಲಾ ಗ್ರಾಂಖದ ಅರಮನೆಯಲ್ಲಿ ದೊರೆಯ ಮುಂದೆ ಮೊದಲು ಹಾಡಿದನು. ಕೆಲವೇ ದಿನಗಳಲ್ಲಿ ಅರಮನೆಯ ಊಳಿಗದವನಾಗಿ ನೇಮಕಗೊಂಡನು. ಆಮೇಲೆ ಜನರೆದುರು ರಂಗಸ್ಥಳದ ಮೇಲೆ ಅವನೆಂದೂ ಹಾಡಲಿಲ್ಲ.

ಲೋಕಪ್ರಸಿದ್ಧವಾದ ಕಥೆಯು ಹೀಗಿದೆ. ದೊರೆಯು ಕ್ಷೌರಕ್ಕೂ ರಾಜಕಾರ್ಯಕ್ಕೂ ಒಪ್ಪದೆ ಮಲಗಿರಲು, ರಾಣಿಯು ಪಕ್ಕದ ಕೋಣೆಯಲ್ಲಿ ಫಾರಿನೆಲ್ಲಿಯಿಂದ ಹಾಡಿಸಿದಳು. ದೊರೆಯು ಮೊದಲು ಬೆರಗಾದನು, ಆಮೇಲೆ ಕರಗಿದನು. ಗಾಯಕನನ್ನು ಒಳಗೆ ಕರೆಸಿ ಬೇಕಾದುದನ್ನು ಬೇಡೆಂದನು. ಮೊದಲೇ ಹೇಳಿಕೊಡಲ್ಪಟ್ಟಿದ್ದ ಆ ಗಾಯಕನು, ಪ್ರಭುಗಳು ಹಾಸಿಗೆಯಿಂದೆದ್ದು ಕ್ಷೌರ ಮಾಡಿಸಿಕೊಂಡು ಮಂತ್ರಾಲೋಚನೆಗೆ ದಯಮಾಡಿಸಬೇಕೆಂದು ಬೇಡಿದನು. ಅಂದಿನಿಂದ ರೋಗವು ಔಷಧಕ್ಕೆ ಬಗ್ಗಿತು. ವಾಸಿಮಾಡಿದ ಕೀರ್ತಿ ಗಾಯಕನದಾಯಿತು.

ಈ ಕಥೆಯನ್ನು ಹೀಗೆ ವಿಸ್ತಾರವಾಗಿ ಕೊಟ್ಟವನು ಇಂಗ್ಲೆಂಡಿನ ಸಂಗೀತೇತಿಹಾಸಕಾರನಾದ ಡಾಕ್ಟರ್ ಚಾರ್ಲ್ಸ್ ಬರ್ನಿ. ಅದು ಬಂದಿರುವುದು 1789ರಲ್ಲಿ ಪ್ರಕಟವಾದ ಅವನ ಇತಿಹಾಸದ ನಾಲ್ಕನೆಯ ಸಂಪುಟದಲ್ಲಿ, ಎಂದರೆ ನಡೆಯಿತೆಂಬ ಸಂಗತಿಗೆ ಐವತ್ತೆರಡು ವರ್ಷಗಳ ತರುವಾಯ. ಅಷ್ಟೇ ಅಲ್ಲ: ಜನರು ಅನೇಕಸಲ ಹೇಳಿರುವುದು, ಸಾಮಾನ್ಯವಾಗಿ ನಂಬಿರುವುದು ಎಂಬ ಪೀಠಿಕೆಯೊಡನೆಯೇ ಬರ್ನಿಯು ಇದನ್ನು ಆರಂಭಿಸಿದ್ದಾನೆ. ಎಚ್ಚರಿಕೆಯುಳ್ಳ ಬರಹಗಾರನ ಮಾತು ಇದು. ಅವನನ್ನು ಆಧಾರವೆಂದು ಹೆಸರಿಸಿದ ಮುಂದಿನವರು ಕಥೆಯನ್ನು ಇಟ್ಟುಕೊಂಡು ಪೀಠಿಕೆಯನ್ನು ಬಿಟ್ಟರು.

ಬರ್ನಿಯೇ ಇದಕ್ಕಿಂತ ಹಿಂದೆ, 1770ರಲ್ಲಿ, ಬೊಲೋನ್ಯದಲ್ಲಿದ್ದ ವೃದ್ಧ ಫಾರಿನೆಲ್ಲಿಯನ್ನು ಕಂಡು ಮಾತಾಡಿದ್ದನು. ಅದರ ವರದಿಯು 1771ರಲ್ಲಿ ಅಚ್ಚಾಯಿತು. ಸ್ಪೇನಿನಲ್ಲಿ ಮೊದಲ ಹತ್ತು ವರ್ಷ, ಫಿಲಿಪ್ ದೊರೆಯು ಬದುಕಿದ್ದಷ್ಟು ಕಾಲ, ಪ್ರತಿರಾತ್ರಿಯೂ ಅವೇ ನಾಲ್ಕು ಹಾಡುಗಳನ್ನು ಹಾಡುತ್ತಿದ್ದುದಾಗಿ ಗಾಯಕನು ಹೇಳಿದನಂತೆ. ಅವುಗಳಲ್ಲಿ ಎರಡು ಹಾಸ್ಸೆಯ ರಚನೆಗಳು. ಇದು ಬಾಯಿಂದ ಬಾಯಿಗೆ ಬಂದ ವಾರ್ತೆಯಲ್ಲ, ಹಾಡಿದವನ ಮಾತು. ಆದರೂ ಲೆಕ್ಕಕ್ಕೆ ಕೂಡಿಬರುವುದಿಲ್ಲ. 1737ರ ಆಗಸ್ಟ್ 25ರಿಂದ ದೊರೆಯು ತೀರಿಕೊಂಡ 1746ರ ಜುಲೈ 9ರ ವರೆಗೆ ಎಣಿಸಿದರೆ ಒಂಬತ್ತು ವರ್ಷಗಳೂ ತುಂಬವು. ಸುಮಾರು 3,240 ರಾತ್ರಿಗಳಾಗುತ್ತವೆ. ಹಾಡುಗಳ ಸಂಖ್ಯೆಯೂ ಸಂದೇಹಾಸ್ಪದವೇ. ಫಾರಿನೆಲ್ಲಿಯು 1738ರಲ್ಲಿ ಬೊಲೋನ್ಯದ ತನ್ನ ಆಶ್ರಯದಾತನಾದ ಪೆಪೋಲಿ ಪ್ರಭುವಿಗೆ ಬರೆದ ಕಾಗದದಲ್ಲಿ, ಪ್ರತಿರಾತ್ರಿ ಎಂಟೊಂಬತ್ತು ಹಾಡುಗಳನ್ನು ಹಾಡಬೇಕಾಗಿದೆ, ವಿಶ್ರಾಂತಿಯೆಂಬುದೇ ಇಲ್ಲ ಎಂದಿದ್ದಾನೆ. ಮೂವತ್ತೆರಡು ವರ್ಷಗಳ ಮೇಲೆ ನೆನೆದು ಹೇಳಿದ ಮಾತಿಗಿಂತ ಆ ಕೆಲಸದಲ್ಲಿ ದಣಿಯುತ್ತಿದ್ದಾಗಲೇ ಬರೆದ ಕಾಗದಕ್ಕೆ ಬೆಲೆ ಹೆಚ್ಚು. ವೃದ್ಧನು ಸುಳ್ಳಾಡಿದನೆಂದು ಇದರ ಅರ್ಥವಲ್ಲ. ದೊರೆಗೆ ಅತ್ಯಂತ ಪ್ರಿಯವಾಗಿ ಎಂದೂ ತಪ್ಪದಿದ್ದ ನಾಲ್ಕು ಹಾಡುಗಳೇ ಅವನ ನೆನಪಿನಲ್ಲಿ ಉಳಿದಿರಬಹುದು.

ಎಲ್ಲಕ್ಕಿಂತ ಮುಖ್ಯವಾದ ಸಾಕ್ಷಿಯು ಇಂಗ್ಲೆಂಡಿನ ರಾಯಭಾರಿಯಾದ ಬೆಂಜಮಿನ್ ಕೀನನದು. ಅವನಿಗೆ ಸಂಗೀತದ ಮಹಿಮೆಯನ್ನು ಸಾಧಿಸಬೇಕಾಗಿರಲಿಲ್ಲ. ದೊರೆಯ ಮನಃಸ್ಥಿತಿಯನ್ನು ತನ್ನ ಸರಕಾರಕ್ಕೆ ತಿಳಿಸುವುದು ಅವನ ಕರ್ತವ್ಯವಾಗಿತ್ತು. ಗಾಯಕನು ಬಂದು ಒಂದು ವರ್ಷವಾಗಿದ್ದಾಗ, 1738ರಲ್ಲಿ, ಅವನು ಕಳುಹಿಸಿದ ವರದಿಯ ತಾತ್ಪರ್ಯವಿದು: ದೊರೆಯು ಫಾರಿನೆಲ್ಲಿಯನ್ನು ಅನುಕರಿಸುತ್ತಾನೆ, ಒಮ್ಮೊಮ್ಮೆ ಹಾಡುಹಾಡಿಗೂ, ಒಮ್ಮೊಮ್ಮೆ ಗಾನವು ಮುಗಿದ ಮೇಲೆ, ತಾನೂ ಊಳಿಡುತ್ತ ವಿಪರೀತವಾಗಿ ವರ್ತಿಸುತ್ತಾನೆ, ಇದು ಹೊರಗಿನವರ ಕಣ್ಣಿಗೆ ಬೀಳದಂತೆ ಬೇಕಾದ ಏರ್ಪಾಡುಗಳೆಲ್ಲ ನಡೆದಿವೆ.

ವಾಸಿಯಾದ ರೋಗಿಯ ಚಿತ್ರ ಇದಲ್ಲ. ದೊರೆಯ ವಿಷಾದವು ಮುಂದೆಯೂ ಬರುತ್ತ ಹೋಗುತ್ತ ಇತ್ತು. ರಾತ್ರಿಯ ಜಾಗರಣೆಯು ತಪ್ಪಲಿಲ್ಲ. ರಾಜ್ಯಭಾರದ ಮುಖ್ಯಸೂತ್ರವು ರಾಣಿಯ ಕೈಯಲ್ಲಿಯೇ ಉಳಿಯಿತು. ಆದಕಾರಣ ಗಾನದಿಂದ ದೊರೆಯ ರೋಗವು ನಿವಾರಣೆಯಾಯಿತೆಂಬ ಮಾತನ್ನು ಕೈಬಿಡಬೇಕಾಗುತ್ತದೆ. ಆದರೆ ಗಾನವು ನಿಷ್ಫಲವೆಂದು ಹೇಳುವುದೂ ಸಲ್ಲದು. ಯಾವುದನ್ನೂ ಬಯಸದೆ ಗೋಡೆಯ ಕಡೆಗೆ ತಿರುಗಿ ಮಲಗಿದ್ದವನು ಪ್ರತಿರಾತ್ರಿಯೂ ಒಂದನ್ನು ಬಯಸುವವನಾದನು. ಕಾಲದ ಪರಿವೆಯಿಲ್ಲದವನಿಗೆ ಒಂದು ಗೊತ್ತಾದ ವೇಳೆಯುಂಟಾಯಿತು. ಸಂಬಂಧಿಕರನ್ನೂ ಮಂತ್ರಿಗಳನ್ನೂ ಶಂಕಿಸುತ್ತಿದ್ದವನಿಗೆ, ಏನನ್ನೂ ಕೇಳದೆ ಬಳಿಯಲ್ಲಿ ನಿಂತು ಹಾಡುವ ಒಬ್ಬ ಮನುಷ್ಯನು ದೊರೆತನು. 1724ರಂತೆ ಅವನು ಮತ್ತೊಮ್ಮೆ ರಾಜ್ಯವನ್ನು ತ್ಯಜಿಸಲಿಲ್ಲ. ಇದಕ್ಕೆ ಗಾನವೊಂದೇ ಕಾರಣವೆಂದು ಸಾಧಿಸಲಾಗದು, ರಾಣಿಯ ಕಾವಲೂ ಇದ್ದೇ ಇತ್ತು. ಹಾಗಿದ್ದರೂ ರೋಗವು ಹೋಗದಿದ್ದಾಗಲೂ ರೋಗಿಯ ಬಾಳು ಸಹ್ಯವಾಯಿತೆಂಬುದು ಸಣ್ಣ ಮಾತಲ್ಲ.

ಈ ಪ್ರಸಂಗಕ್ಕೆ ಒಂದು ಉತ್ತರಭಾಗವೂ ಇದೆ. ಕಥೆಯನ್ನು ಹೇಳುವವರು ಅದನ್ನು ಸೇರಿಸುವುದು ಅಪರೂಪ. ಫಿಲಿಪನ ಮಗನಾದ ಆರನೆಯ ಫರ್ಡಿನಾಂಡನು ತಂದೆಗಿಂತಲೂ ಸಂಗೀತಪ್ರಿಯ. ಅವನ ರಾಣಿ ಬಾರ್ಬರಾ ದೊಮೆನಿಕೋ ಸ್ಕಾರ್ಲಾಟ್ಟಿಯ ಶಿಷ್ಯೆ, ಸ್ವತಃ ಪ್ರವೀಣೆ. ಇವರ ಆಳ್ವಿಕೆಯಲ್ಲಿ ಫಾರಿನೆಲ್ಲಿಯು ಅರಮನೆಯ ನಾಟಕಶಾಲೆಗಳ ಅಧಿಕಾರಿಯಾದನು. 1750ರಲ್ಲಿ ಕಲಾತ್ರಾವ ಪಂಗಡದ ಬಿರುದನ್ನೂ ಪಡೆದನು. 1758ರ ಆಗಸ್ಟಿನಲ್ಲಿ ಬಾರ್ಬರಾ ತೀರಿಕೊಂಡಳು. ಫರ್ಡಿನಾಂಡನಿಗೆ ತಂದೆಯ ರೋಗವೇ ಹಿಡಿಯಿತು: ಕ್ಷೌರವಿಲ್ಲ, ಬಟ್ಟೆ ಬದಲಿಸುವುದಿಲ್ಲ, ಹಾಸಿಗೆಯಲ್ಲಿ ಮಲಗುವುದಿಲ್ಲ. ಗಾಯಕನು ಇನ್ನೂ ಸ್ಪೇನಿನಲ್ಲಿಯೇ ಇದ್ದನು. ದೊರೆಯು ಒಂದು ವರ್ಷದೊಳಗೆ, 1759ರ ಆಗಸ್ಟಿನಲ್ಲಿ, ವಿಲ್ಯಾವಿಸಿಯೋಸದ ಕೋಟೆಯಲ್ಲಿ ಮೃತನಾದನು. ಗಾನವು ಒಂದು ಔಷಧವಾಗಿದ್ದಲ್ಲಿ, ಸಂಗೀತದ ಗಂಧವಿಲ್ಲದ ತಂದೆಗಿಂತಲೂ ಅದರಲ್ಲಿಯೇ ಬೆಳೆದ ಮಗನಲ್ಲಿ ಹೆಚ್ಚಾಗಿ ಫಲಿಸಬೇಕಾಗಿತ್ತು. ಆದರೆ ಮಗನಿಗೆ ಗಾನವೆಂದರೆ ಹೆಂಡತಿಯೊಡನೆ ಕಳೆದ ದಿನಗಳೇ ಆಗಿದ್ದುವು.

ಹಾಗಾದರೆ ರೋಗಿಯ ಬಳಿಯಲ್ಲಿ ಗಾನಕ್ಕಿರುವ ಸ್ಥಾನವಾವುದು? ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವು ಸಂಗೀತಶಾಸ್ತ್ರದ ಗ್ರಂಥಗಳಿಗಿಂತಲೂ ವೈದ್ಯಗ್ರಂಥವಾದ ಚರಕಸಂಹಿತೆಯಲ್ಲಿ ದೊರೆಯುತ್ತದೆ. ಚರಕನು ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತಾನೆ: ವೈದ್ಯ, ದ್ರವ್ಯ, ಉಪಸ್ಥಾತ, ರೋಗಿ. ಉಪಸ್ಥಾತನೆಂದರೆ ಬಳಿಯಲ್ಲಿದ್ದು ಆರೈಕೆ ಮಾಡುವವನು. ಅವನಿಗೆ ಉಪಚಾರಜ್ಞಾನ, ದಕ್ಷತೆ, ರೋಗಿಯಲ್ಲಿ ಅನುರಾಗ, ಶೌಚ ಎಂಬ ನಾಲ್ಕು ಗುಣಗಳಿರಬೇಕು. ಹದಿನೈದನೆಯ ಅಧ್ಯಾಯದಲ್ಲಿ, ದೊರೆಗೋ ವಿಪುಲವಾದ ಧನವುಳ್ಳವನಿಗೋ ವಮನವಿರೇಚನಗಳನ್ನು ಮಾಡಿಸುವ ಮುನ್ನ ಸಿದ್ಧಪಡಿಸಬೇಕಾದ ರೋಗಿಗೃಹದ ವರ್ಣನೆಯಿದೆ. ಗಾಳಿಯ ಹೊಡೆತವಿಲ್ಲದ, ಹೊಗೆಬಿಸಿಲುಗಳು ತಾಗದ ಗಟ್ಟಿಯಾದ ಮನೆ. ಅಡುಗೆಯವರು, ಮೀಯಿಸುವವರು, ಮೈಯೊತ್ತುವವರು, ಎತ್ತಿ ಕೂರಿಸಿ ಮಲಗಿಸುವವರು, ಔಷಧವನ್ನು ಅರೆಯುವವರು. ಇವರ ಜೊತೆಯಲ್ಲಿಯೇ ಹಾಡು, ವಾದ್ಯ, ಶ್ಲೋಕ, ಗಾಥೆ, ಆಖ್ಯಾಯಿಕೆ, ಇತಿಹಾಸಪುರಾಣಗಳಲ್ಲಿ ಕುಶಲರಾದವರೂ ಇರಬೇಕು. ಅವರು ರೋಗಿಯ ಅಭಿಪ್ರಾಯವನ್ನು ಅರಿಯಬಲ್ಲವರೂ ಅವನಿಗೆ ಒಪ್ಪಿದವರೂ ದೇಶಕಾಲಗಳನ್ನು ಬಲ್ಲವರೂ ಆಗಿರಬೇಕು.

ಇಲ್ಲಿ ಗಮನಿಸಬೇಕಾದುದು ಪಟ್ಟಿಯಲ್ಲಿರುವ ಸ್ಥಾನವನ್ನು. ಗಾನವನ್ನು ಚರಕನು ದ್ರವ್ಯಗಳಲ್ಲಿ ಎಣಿಸಿಲ್ಲ. ಇಂಥ ರಾಗವು ಇಂಥ ರೋಗಕ್ಕೆ ಎಂಬ ಸೂಚನೆ ಇಲ್ಲಿ ಇಲ್ಲ. ಗಾಯಕನು ಮೀಯಿಸುವವನ, ಮೈಯೊತ್ತುವವನ ಪಂಕ್ತಿಯಲ್ಲಿದ್ದಾನೆ. ಎಂದರೆ ಮೂರನೆಯ ಪಾದದಲ್ಲಿ. ಅವನಿಗೆ ವಿಧಿಸಿದ ಗುಣಗಳೂ ಕಂಠಮಾಧುರ್ಯವಲ್ಲ, ರೋಗಿಯ ಮನಸ್ಸನ್ನು ತಿಳಿಯುವ ಶಕ್ತಿ. ಲಾ ಗ್ರಾಂಖದ ಅರಮನೆಯಲ್ಲಿ ಫಾರಿನೆಲ್ಲಿಯು ಪಡೆದುದು ಸರಿಯಾಗಿ ಈ ಉಪಸ್ಥಾತನ ಸ್ಥಾನವನ್ನೇ. ಅವನ ನೇಮಕವು ದೊರೆಯ ಸ್ವಂತ ಊಳಿಗದವನೆಂದಿತ್ತೇ ಹೊರತು ಗಾಯಕನೆಂದಾಗಲಿ ವೈದ್ಯನೆಂದಾಗಲಿ ಇರಲಿಲ್ಲ. ಕಲ್ಯಾಣದ ಚಾಲುಕ್ಯ ಸೋಮೇಶ್ವರನು 12ನೆಯ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ಗೀತವಾದ್ಯಗಳನ್ನು ವಿನೋದಗಳ ವಿಂಶತಿಯಲ್ಲಿ ಇಟ್ಟಿರುವುದೂ ಈ ಸಂದರ್ಭದಲ್ಲಿ ಸ್ಮರಣೀಯ. ಔಷಧದ ಭಾರವನ್ನು ಹೊರಿಸದೆ ಮನಸ್ಸಿನ ಉಲ್ಲಾಸಕ್ಕೆಂದೇ ಗಾನವನ್ನು ಬಿಟ್ಟ ವಿವೇಕವು ಅಲ್ಲಿ ಕಾಣುತ್ತದೆ.

ದೊರೆಯೋ ಧನಿಕನೋ ಎಂದು ಚರಕನು ಹೇಳಿದ ಮಾತಿನಲ್ಲಿ ಬೇರೊಂದು ತೊಡಕು ಅಡಗಿದೆ. ಗಾಯಕರನ್ನು ಇಟ್ಟುಕೊಳ್ಳಬಲ್ಲ ರೋಗಿಗಳು ಎಷ್ಟು ಮಂದಿ? ಇದನ್ನು ಧರ್ಮಾರ್ಥವಾಗಿ ಬಿಡಿಸಿದ ಹೆಗ್ಗಳಿಕೆ ಮುಸಲ್ಮಾನ ಅರಸರ ಆಸ್ಪತ್ರೆಗಳದು. ತುರ್ಕರ ಸುಲ್ತಾನನಾದ ಎರಡನೆಯ ಬಾಯಜೀದನು ಎದಿರ್ನೆಯಲ್ಲಿ 1484ರಿಂದ 1488ರ ವರೆಗೆ ಕಟ್ಟಿಸಿದ ಆಸ್ಪತ್ರೆಯಲ್ಲಿ, ಮೂವರು ಹಾಡುಗಾರರೂ ಏಳು ಮಂದಿ ವಾದ್ಯಗಾರರೂ ವಾರಕ್ಕೆ ಮೂರಾವರ್ತಿ ರೋಗಿಗಳಿಗೂ ಬುದ್ಧಿವಿಕಲರಿಗೂ ಸಂಗೀತವನ್ನು ಕೇಳಿಸುತ್ತಿದ್ದರೆಂದು 17ನೆಯ ಶತಮಾನದ ಯಾತ್ರಿಕನಾದ ಎವ್ಲಿಯಾ ಚೆಲೆಬಿಯು ಬರೆದಿದ್ದಾನೆ. ಅತಿಶಯೋಕ್ತಿಯಲ್ಲಿ ಎವ್ಲಿಯಾನಿಗೆ ಸ್ವಲ್ಪ ಒಲವುಂಟು. ಆದರೂ ಗುಮ್ಮಟದ ಕೆಳಗೆ ಸ್ವರವು ಸುತ್ತಲಿನ ಕೋಣೆಗಳಿಗೆಲ್ಲ ಹರಡುವ ಆ ಕಟ್ಟಡವು ಇಂದಿಗೂ ನಿಂತಿದೆ.

ಯೂರೋಪಿನಲ್ಲಿ ಈ ವಿಷಯವು ಮತ್ತೆ ತಲೆಯೆತ್ತಿದ್ದು ವೈದ್ಯನ ಗ್ರಂಥದಲ್ಲಲ್ಲ, ದಾದಿಯ ಗ್ರಂಥದಲ್ಲಿ. ಫ್ಲಾರೆನ್ಸ್ ನೈಟಿಂಗೇಲಳು 1859ರಲ್ಲಿ ಬರೆದ ಶುಶ್ರೂಷೆಯ ಪುಸ್ತಕದಲ್ಲಿ, ರೋಗಿಗಳ ಮೇಲೆ ಸಂಗೀತವು ಮಾಡುವ ಪರಿಣಾಮವನ್ನು ಯಾರೂ ಅಷ್ಟಾಗಿ ಗಮನಿಸಿಲ್ಲವೆಂದು ಆಕ್ಷೇಪಿಸಿದ್ದಾಳೆ. ಅವಳ ಅನುಭವದಂತೆ ಎಡೆಬಿಡದೆ ನಾದವನ್ನು ಎಳೆಯುವ ಕೊರಳು, ಊದುವ ವಾದ್ಯ, ತಂತೀವಾದ್ಯಗಳು ರೋಗಿಗೆ ಹಿತ. ಬಿಡಿಬಿಡಿಯಾಗಿ ಬಡಿಯುವ ಪಿಯಾನೊ ಅಹಿತ. ಆದರೆ ವೆಚ್ಚದ ದೆಸೆಯಿಂದ ಎಲ್ಲರಿಗೂ ಇದನ್ನು ಒದಗಿಸುವ ಮಾತೇ ಇಲ್ಲವೆಂದು ಅವಳು ಕೈಚೆಲ್ಲುತ್ತಾಳೆ. ಚರಕನ ವಿಪುಲಧನದ ನಿರ್ಬಂಧವೇ ಇಲ್ಲಿ ಮರಳಿ ಬಂದಿದೆ. 1891ರಲ್ಲಿ ಪಾದ್ರಿ ಹಾರ್ಫರ್ಡನು ಲಂಡನ್ನಿನಲ್ಲಿ ಸಂತ ಸಿಸೀಲಿಯಳ ಹೆಸರಿನ ಸಂಘವೊಂದನ್ನು ಕಟ್ಟಿ ಆಸ್ಪತ್ರೆಗಳಿಗೆ ವಾದಕರನ್ನು ಕಳುಹಿಸಿದನಾದರೂ ಅದು ಬಹುಕಾಲ ನಡೆಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸಿಪಾಯಿಗಳ ಆಸ್ಪತ್ರೆಗಳಲ್ಲಿ ಕಂಡ ಫಲದಿಂದ ಪ್ರೇರಿತರಾಗಿ ಅಮೆರಿಕಾದವರು 1944ರಲ್ಲಿ ಮಿಷಿಗನ್ನಿನಲ್ಲಿಯೂ 1946ರಲ್ಲಿ ಕ್ಯಾನ್ಸಾಸಿನಲ್ಲಿಯೂ ಸಂಗೀತಚಿಕಿತ್ಸೆಯನ್ನು ಕಲಿಸತೊಡಗಿದರು. 1950ರಲ್ಲಿ ಅದಕ್ಕೊಂದು ರಾಷ್ಟ್ರೀಯ ಸಂಘವೂ ಹುಟ್ಟಿತು.

ಗಾನವು ಕೇವಲ ಉಪಚಾರವೆಂಬ ನಿರ್ಣಯಕ್ಕೆ ಒಂದು ಅಪವಾದವನ್ನು ಒಪ್ಪಿಕೊಳ್ಳಬೇಕಾಗಿದೆ. ಫಾರಿನೆಲ್ಲಿಯು ಮ್ಯಾಡ್ರಿಡ್ಡಿನಲ್ಲಿ ಹಾಡುತ್ತಿದ್ದ ಕಾಲದಲ್ಲಿಯೇ, 1745ರಲ್ಲಿ, ಸ್ವೀಡನ್ನಿನ ಓಲೋಫ್ ಡಾಲಿನನು ಒಂದು ವಿಚಿತ್ರವನ್ನು ದಾಖಲಿಸಿದನು. ಬಲಮಗ್ಗುಲು ಪಾರ್ಶ್ವವಾಯುವಿಗೆ ಸಿಕ್ಕಿ ಮಾತು ನಿಂತುಹೋದ ಒಬ್ಬ ತರುಣನು, ಮೊದಲೇ ಕಲಿತಿದ್ದ ಕೆಲವು ದೇವರ ಹಾಡುಗಳನ್ನು ಮಾತ್ರ ಸ್ಪಷ್ಟವಾದ ಶಬ್ದಗಳೊಡನೆ ಹಾಡಬಲ್ಲವನಾಗಿದ್ದನು. ಎರಡು ಶತಮಾನಗಳಿಗೂ ಮೀರಿದ ಕಾಲ ಇದು ಕೌತುಕವಾಗಿಯೇ ಉಳಿಯಿತು. 1973ರಲ್ಲಿ ಬಾಸ್ಟನ್ನಿನ ವೈದ್ಯರು ಇದನ್ನೇ ಆಧಾರವಾಗಿಟ್ಟುಕೊಂಡು, ಮಾತು ಕಳೆದುಕೊಂಡವರಿಗೆ ಸಣ್ಣ ವಾಕ್ಯಗಳನ್ನು ಎರಡು ಸ್ವರಗಳ ಏರಿಳಿತದಲ್ಲಿ, ಎಡಗೈಯಿಂದ ತಾಳ ಹಾಕಿಸುತ್ತ, ರಾಗವಾಗಿ ಹೇಳಿಸಿ ಕ್ರಮಕ್ರಮವಾಗಿ ಮಾತಿನ ಕಡೆಗೆ ತರುವ ಪದ್ಧತಿಯನ್ನು ಪ್ರಕಟಿಸಿದರು. ಇಲ್ಲಿ ಸ್ವರವು ಬರಿಯ ಸಮಾಧಾನವಲ್ಲ, ಸಾಧನ.

ಉಳಿದ ಪರೀಕ್ಷೆಗಳ ಫಲವು ಬಹುಮಟ್ಟಿಗೆ ಚರಕನ ಪಟ್ಟಿಯನ್ನು ಮೀರುವುದಿಲ್ಲ. ಖಿನ್ನತೆಯ ರೋಗದಲ್ಲಿ ಸಂಗೀತಚಿಕಿತ್ಸೆಯನ್ನು ಕುರಿತ ಒಂಬತ್ತು ಪ್ರಯೋಗಗಳನ್ನು, ಅವುಗಳಲ್ಲಿದ್ದ 421 ಮಂದಿಯ ವಿವರಗಳನ್ನು, 2017ರಲ್ಲಿ ಒಟ್ಟುಗೂಡಿಸಿ ತೂಗಿದಾಗ ತಿಳಿದುಬಂದುದಿಷ್ಟು: ವಾಡಿಕೆಯ ಚಿಕಿತ್ಸೆಯೊಂದನ್ನೇ ನಡೆಸುವುದಕ್ಕಿಂತ ಅದರೊಡನೆ ಸಂಗೀತಚಿಕಿತ್ಸೆಯನ್ನು ಸೇರಿಸಿದರೆ ಸ್ವಲ್ಪಕಾಲದ ಮಟ್ಟಿಗೆ ಹೆಚ್ಚು ಗುಣವುಂಟು. ಚಿಕಿತ್ಸೆಗೆ ಬದಲಾಗಿ ಅಲ್ಲ, ಚಿಕಿತ್ಸೆಯ ಜೊತೆಗೆ.

ಫಿನ್ಲೆಂಡಿನವರು 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಫಿಲಿಪ್ ದೊರೆಯ ಪ್ರಸಂಗದ ಮೇಲೂ ಬೆಳಕನ್ನು ಚೆಲ್ಲುತ್ತದೆ. ಮೆದುಳಿನ ಆಘಾತಕ್ಕೊಳಗಾದ 60 ಮಂದಿಯನ್ನು ಮೂರು ಗುಂಪು ಮಾಡಿ, ಎರಡು ತಿಂಗಳ ಕಾಲ ಒಂದು ಗುಂಪಿಗೆ ಪ್ರತಿದಿನವೂ ಸಂಗೀತವನ್ನೂ ಇನ್ನೊಂದಕ್ಕೆ ಓದಿದ ಪುಸ್ತಕಗಳನ್ನೂ ಕೇಳಿಸಿದರು; ಮೂರನೆಯ ಗುಂಪಿಗೆ ಎರಡೂ ಇಲ್ಲ. ಮಾತಿನ ನೆನಪಿನಲ್ಲಿಯೂ ಏಕಾಗ್ರತೆಯಲ್ಲಿಯೂ ಸಂಗೀತದ ಗುಂಪಿನವರು ಮಿಕ್ಕವರಿಗಿಂತ ಮುಂದಾಗಿ ಚೇತರಿಸಿಕೊಂಡರು. ಏನನ್ನೂ ಕೇಳದವರಿಗಿಂತ ಇವರಲ್ಲಿ ವಿಷಾದವೂ ಕಡಮೆಯಾಗಿತ್ತು. ಅವರ ಮುಂದೆ ಗಾಯಕರು ಯಾರೂ ಇರಲಿಲ್ಲ. ಮುದ್ರಿತ ಸಂಗೀತವೇ ಸಾಕಾಗಿತ್ತು. ನೈಟಿಂಗೇಲಳನ್ನು ಕಂಗೆಡಿಸಿದ ವೆಚ್ಚದ ಪ್ರಶ್ನೆಯು ಇದರಿಂದ ಬಹುಮಟ್ಟಿಗೆ ಬಗೆಹರಿದಂತಾಗುತ್ತದೆ. ಇನ್ನು, ಯಾವ ಹಾಡನ್ನು ಕೇಳಿಸಬೇಕೆಂಬುದನ್ನು ಅಲ್ಲಿ ವೈದ್ಯರು ಗೊತ್ತುಮಾಡಲಿಲ್ಲ. ಒಬ್ಬೊಬ್ಬ ರೋಗಿಯೂ ತನಗೆ ಪ್ರಿಯವಾದುದನ್ನು ತಾನೇ ಆರಿಸಿಕೊಂಡನು. ಪ್ರತಿರಾತ್ರಿಯೂ ಅವೇ ಹಾಡುಗಳನ್ನು ಬೇಡಿದ ಫಿಲಿಪನ ಹಟವು ರಾಯಭಾರಿಯ ಕಣ್ಣಿಗೆ ಹುಚ್ಚಿನ ಒಂದು ಲಕ್ಷಣವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಬಳಿಯಲ್ಲಿದ್ದು ಹಾಡುವವನು ರೋಗಿಯ ಅಭಿಪ್ರಾಯವನ್ನು ಅರಿತವನಾಗಿರಬೇಕೆಂದು ವಿಧಿಸಿದ ಚರಕನಾದರೋ ಆ ಹಟವನ್ನು ಬೇರೆ ಬಗೆಯಾಗಿ ಓದುತ್ತಿದ್ದನು.